ಬಳ್ಳಾರಿಗೆ ಧಾರವಾಡ ಕೇಳಿಸಿದ್ದು ಹೇಗೆ? ಸ್ವಂತ ಸ್ಟೇಷನ್ ಇಲ್ಲದ ಸೀಮೆಯ ಮೀಡಿಯಂ ವೇವ್ ಕಥೆ

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರರಲ್ಲಿ ಯಾವ ಊರಿಗೂ ಮೀಡಿಯಂ ವೇವ್‌ನ ದೊಡ್ಡ ರೇಡಿಯೋ ಸ್ಟೇಷನ್ ಬರಲಿಲ್ಲ. ಆದರೂ ಇಲ್ಲಿ ಅರವತ್ತು ದಾಟಿದವರ ಹತ್ತಿರ ಕೂತರೆ ರೇಡಿಯೋ ನೆನಪಿಗೇನೂ ಕೊರತೆಯಿಲ್ಲ. ಮುಂಜಾನೆಯ ವಾರ್ತೆ, ಸಂಜೆಯ ಕೃಷಿರಂಗ, ರಾತ್ರಿಯ ನಾಟಕ, ನಡುವೆ ತತ್ವಪದ, ವಚನ, ಚಿತ್ರಗೀತೆ ಎಲ್ಲವೂ ಇದ್ದವು. ಎಲ್ಲವೂ ಪರಊರಿನಿಂದ ಬಂದವು. ಕೊಪ್ಪಳದವರಿಗೆ ಧಾರವಾಡ, ರಾಯಚೂರಿನವರಿಗೆ ಹೈದರಾಬಾದ್ ಮತ್ತು ಕಲಬುರಗಿ, ಬಳ್ಳಾರಿಯವರಿಗೆ ಧಾರವಾಡ, ಬೆಂಗಳೂರು ಎರಡೂ. ಕತ್ತಲಾದರೆ ಇನ್ನೂ ದೂರದವು.

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಧಾರವಾಡದಿಂದ ಕೊಪ್ಪಳ ಸುಮಾರು 125 ಕಿಲೋಮೀಟರ್, ಬಳ್ಳಾರಿ ಸುಮಾರು 205, ರಾಯಚೂರು ಸುಮಾರು 265. ಇಷ್ಟು ದೂರಕ್ಕೆ ಇವತ್ತಿನ ಎಫ್‌ಎಂ ಮುಟ್ಟುವ ಮಾತೇ ಇಲ್ಲ. ಹಾಗಿದ್ದರೆ ಆ ಧ್ವನಿ ನಡುವಿನ ಗುಡ್ಡ, ಹೊಳೆ, ಎರೆಹೊಲ ದಾಟಿ ಇಲ್ಲಿನ ಪಡಸಾಲೆಗೆ ಬಂದದ್ದು ಹೇಗೆ? ಇಷ್ಟು ಕೇಳುಗರಿದ್ದ ಸೀಮೆಗೆ ಒಂದು ಸ್ಟೇಷನ್ ಕೊಡಬೇಕು ಅಂತ ಯಾರಿಗೂ ಯಾಕೆ ಅನಿಸಲಿಲ್ಲ? ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ. ಮೀಡಿಯಂ ವೇವ್‌ನಲ್ಲಿ ಬರುವ ಎಎಂ ತರಂಗ ದೂರ ಹೋಗುತ್ತದೆ. ಆ ಗುಣವೇ ನಮಗೆ ರೇಡಿಯೋ ಕೊಟ್ಟಿತು, ಆ ಗುಣವೇ ಸ್ವಂತ ಸ್ಟೇಷನ್ ತಪ್ಪಿಸಿತು.

ಎಎಂ ಅಂದರೆ ಏನು

ಧಾರವಾಡ ಆಕಾಶವಾಣಿಯ ಕಂಪನಾಂಕ 765 ಕಿಲೋಹರ್ಟ್ಸ್. ಅಂದರೆ ಅಲ್ಲಿನ ಟ್ರಾನ್ಸ್‌ಮಿಟರ್ ಹೊರಬಿಡುವ ತರಂಗ ಸೆಕೆಂಡಿಗೆ 7,65,000 ಸಲ ಏರಿಳಿಯುತ್ತದೆ. ಇದಕ್ಕೆ ವಾಹಕ ತರಂಗ ಎನ್ನುತ್ತಾರೆ. ಇದರಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಸ್ಟುಡಿಯೋದಲ್ಲಿ ಒಬ್ಬರು ಬಾಯಿ ತೆರೆದಾಗ ಆ ಧ್ವನಿಗೆ ತಕ್ಕಂತೆ ವಾಹಕದ ಎತ್ತರ ಹೆಚ್ಚುಕಡಿಮೆ ಆಗುತ್ತದೆ, ವೇಗ ಮಾತ್ರ ಬದಲಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇದೆ, ಮೇಲೆ ಒಬ್ಬ ಗೇಟನ್ನು ಏರಿಸಿ ಇಳಿಸಿ ಮಾಡುತ್ತಿದ್ದಾನೆ ಅಂದುಕೊಳ್ಳಿ. ಕೆಳಗೆ ನಿಂತವನಿಗೆ ಗೇಟು ಕಾಣುವುದಿಲ್ಲ. ಆದರೆ ನೀರಿನ ಮಟ್ಟ ನೋಡುತ್ತಾ ಹೋದರೆ ಗೇಟು ಹೇಗೆ ಆಡಿತೆಂದು ಹೇಳಬಲ್ಲ. ಎಎಂ ರೇಡಿಯೋ ಸೆಟ್ಟು ಮಾಡುವ ಕೆಲಸ ಇಷ್ಟೇ: ಹರಿವನ್ನು ಬಿಟ್ಟು ಮಟ್ಟದ ಏರಿಳಿತವನ್ನಷ್ಟೇ ಹಿಡಿದು ಸ್ಪೀಕರಿಗೆ ಕೊಡುವುದು.

ಕೆಲಸ ಇಷ್ಟು ಸರಳವಾದ್ದರಿಂದಲೇ ಸೆಟ್ಟೂ ಸರಳ. ಒಂದು ಕಾಯಿಲ್, ಸ್ಟೇಷನ್ ಹೊಂದಿಸಲು ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡ್, ಕಿವಿಗೊಂದು ಇಯರ್‌ಫೋನ್, ಹೊರಗೆ ಉದ್ದನೆಯ ಏರಿಯಲ್. ಸ್ಟೇಷನ್ ಹತ್ತಿರವಿದ್ದರೆ ಸೆಲ್ಲೂ ಬೇಡ, ತರಂಗದ ಶಕ್ತಿಯೇ ಕಿವಿಗೆ ಸಾಕಾಗುತ್ತದೆ. ದೂರದ ಊರಿನವರಿಗೆ ಇದು ಸಾಲದು, ಬಂದ ಸಣ್ಣ ಸಂಕೇತವನ್ನು ಹಿಗ್ಗಿಸಬೇಕು. ಅದಕ್ಕೇ ವಾಲ್ವು, ಆಮೇಲೆ ಟ್ರಾನ್ಸಿಸ್ಟರ್.

ಸರಳತೆಗೆ ತೆರುವ ಬೆಲೆಯೂ ಇದೆ. ಗಾಳಿಯಲ್ಲಿ ಬೇರೆ ಏನಾದರೂ ಆ ಎತ್ತರವನ್ನು ಅಲ್ಲಾಡಿಸಿದರೆ ಸೆಟ್ಟು ಅದನ್ನೂ ಧ್ವನಿ ಅಂತಲೇ ತಿಳಿಯುತ್ತದೆ. ಮಿಂಚಿನ ಕರಕರ, ಪಂಪ್‌ಸೆಟ್ಟಿನ ಸ್ಟಾರ್ಟರ್ ಕಿಡಿ, ಟ್ಯೂಬ್‌ಲೈಟಿನ ಗುಂಯ್‌ಗುಂಯ್, ಎಲ್ಲವೂ ಹಾಡಿನ ಜೊತೆ ಒಳಗೆ ಬರುತ್ತವೆ. ಇನ್ನೊಂದು ಬೆಲೆ ಕರೆಂಟಿನದು. ಧ್ವನಿ ಪೂರ್ತಿ ಜೋರಾಗಿ ಹೋಗುವಾಗಲೂ ಎಎಂ ಸ್ಟೇಷನ್ ಹೊರಬಿಡುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ವಾಹಕಕ್ಕೇ ಹೋಗುತ್ತದೆ, ಅಂದರೆ ಮಾತಿಲ್ಲದ ಭಾಗಕ್ಕೆ. ನಿರೂಪಕರು ಉಸಿರು ತೆಗೆದುಕೊಳ್ಳಲು ನಿಂತ ಗಳಿಗೆಯಲ್ಲೂ ಮೀಟರ್ ಓಡುತ್ತಲೇ ಇರುತ್ತದೆ.

ಈ ಕಂಪನಾಂಕಗಳಲ್ಲಿ ಒಂದು ಮೋಜಿದೆ. ಧಾರವಾಡ 765, ಬೆಂಗಳೂರು 612, ಭದ್ರಾವತಿ 675, ಕಲಬುರಗಿ 1107, ಹೈದರಾಬಾದ್ 738. ಯಾವುದರ ಅಂಕಿ ಕೂಡಿಸಿದರೂ ಕೊನೆಗೆ ಒಂಬತ್ತು ಬರುತ್ತದೆ. ಜ್ಯೋತಿಷ್ಯವಲ್ಲ, ಒಪ್ಪಂದ. 1975ರಲ್ಲಿ ಜಿನೀವಾದಲ್ಲಿ ಅಮೆರಿಕ ಖಂಡಗಳನ್ನು ಬಿಟ್ಟು ಉಳಿದ ದೇಶಗಳು ಸೇರಿ ಮೀಡಿಯಂ ವೇವ್ ಪಟ್ಟಿಯನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಹಂಚಿಕೊಂಡವು, 1978ರ ನವೆಂಬರ್‌ನಿಂದ ಅದು ಜಾರಿಗೆ ಬಂತು. ಹಾಗಾಗಿ ಇಲ್ಲಿನ ಎಲ್ಲ ಸ್ಟೇಷನ್ನುಗಳೂ ಒಂಬತ್ತರ ಮಗ್ಗಿಯಲ್ಲೇ ಸಿಗುತ್ತವೆ. 531ರಿಂದ 1602ರವರೆಗೆ ಎಣಿಸಿದರೆ ಸಿಗುವುದು 120 ಜಾಗ ಮಾತ್ರ. ಯುರೋಪು, ಆಫ್ರಿಕಾ, ಏಷ್ಯಾದ ಅಷ್ಟೂ ಸ್ಟೇಷನ್ನುಗಳು ಇವನ್ನೇ ಹಂಚಿಕೊಂಡು ಬಾಳಬೇಕು. ಒಂದೊಂದು ಜಾಗವೂ ಇಕ್ಕಟ್ಟಾದ್ದರಿಂದ ಮಾಮೂಲಿ ಸೆಟ್ಟುಗಳು ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಕತ್ತರಿಸಿಬಿಡುತ್ತವೆ. ಎಫ್‌ಎಂನಲ್ಲಿ ಅದು 15ರವರೆಗೆ ಹೋಗುತ್ತದೆ. ತಾಳದ ಕಿಣಿಕಿಣಿ, ಸಕಾರದ ಸಿಳ್ಳು ಎಎಂನಲ್ಲಿ ಮಂಕಾಗುವುದು ಇದಕ್ಕೇ. ಮಾತಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಗಂಡು ಗಂಟಲಿಗಂತೂ ಒಂದು ತೂಕವೇ ಬರುತ್ತದೆ. ಹಳೆಯ ವಾರ್ತಾವಾಚಕರ ದನಿ ಅಷ್ಟು ಗಂಭೀರವಾಗಿ ಕೇಳಿಸುತ್ತಿದ್ದುದರಲ್ಲಿ ಅವರ ಪಾಲು ಎಷ್ಟು, ಸೆಟ್ಟಿನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನೆಲ ಹಿಡಿದು ಬರುವ ತರಂಗ

765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರ್. ಎಫ್‌ಎಂ ತರಂಗದ್ದು ಮೂರೇ ಮೀಟರ್. ವ್ಯತ್ಯಾಸವೆಲ್ಲ ಇಲ್ಲಿದೆ. ಮೂರು ಮೀಟರಿನ ತರಂಗ ಹೆಚ್ಚುಕಡಿಮೆ ಬೆಳಕಿನ ದಾರಿಯಲ್ಲೇ ನೆಟ್ಟಗೆ ಹೋಗುತ್ತದೆ. 100 ಮೀಟರ್ ಎತ್ತರದ ಗೋಪುರದಿಂದ ಹೊರಟರೆ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 41 ಕಿಲೋಮೀಟರಿಗೆ. ಕೇಳುವವರ ಏರಿಯಲ್ ಮಾಳಿಗೆಯ ಮೇಲಿದ್ದರೆ ಇನ್ನಷ್ಟು ಸಿಗಬಹುದು, ನಡುವೆ ಗುಡ್ಡ ಬಂದರೆ ಅದೂ ಇಲ್ಲ. ಸಂಡೂರಿನಂಥ ಗುಡ್ಡ ಸುತ್ತಿದ ಕಣಿವೆಗಳಲ್ಲಿ ಹೊರಗಿನ ಎಫ್‌ಎಂ ಹಿಡಿಯಲು ಒದ್ದಾಡಬೇಕಾಗುವುದು ಇದೇ ಕಾರಣಕ್ಕೆ.

392 ಮೀಟರಿನ ತರಂಗ ಬೇರೆ ಜಾತಿಯದು. ಅದು ನೆಲಕ್ಕೆ ಅಂಟಿಕೊಂಡು, ಭೂಮಿಯ ಬಾಗಿನ ಜೊತೆ ತಾನೂ ಬಾಗುತ್ತಾ ಸಾಗುತ್ತದೆ. ಗುಡ್ಡ ಎದುರಾದರೆ ಬಳಸಿ ಆಚೆ ಬರುತ್ತದೆ. ದಾರಿಯುದ್ದಕ್ಕೂ ಒಂದಿಷ್ಟು ಶಕ್ತಿಯನ್ನು ನೆಲ ಕುಡಿಯುತ್ತದೆ, ಎಷ್ಟು ಕುಡಿಯುತ್ತದೆ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ತೇವ ಹಿಡಿದಿಡುವ ಜೇಡಿ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ಅಂಥ ಕಡೆ ತರಂಗ ಸೊರಗುವುದು ಕಡಿಮೆ. ಒಣ ಗ್ರಾನೈಟ್ ಬಂಡೆ ಹಾಗಲ್ಲ. ಧಾರವಾಡದಿಂದ ಗದಗದ ಮೇಲೆ ಕೊಪ್ಪಳದ ಕಡೆಗೆ ಬರುವ ದಾರಿಯಲ್ಲಿ ಬಹುಪಾಲು ಎರೆಮಣ್ಣು, ತರಂಗಕ್ಕೆ ಒಳ್ಳೆಯ ದಾರಿ. ಮುಂದೆ ಕೊಪ್ಪಳ, ಆನೆಗೊಂದಿ ಸುತ್ತಿನಲ್ಲಿ ಬಂಡೆಗಳ ರಾಜ್ಯ. ಕಂಪನಾಂಕ ಹೆಚ್ಚಾದಷ್ಟೂ ನೆಲ ಕುಡಿಯುವುದೂ ಹೆಚ್ಚು, ಅದಕ್ಕೇ ಡಯಲಿನಲ್ಲಿ 600-700ರ ಸುತ್ತಿನ ಜಾಗಗಳಿಗೆ ಬೆಲೆ ಜಾಸ್ತಿ.

ಇನ್ನು ಕಿಲೋವ್ಯಾಟ್. ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಶುರುಮಾಡಿದ ಆಕಾಶವಾಣಿಯ ಮೊದಲ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಸಾಹಸ ದೊಡ್ಡದು, ಆದರೆ ಬಳ್ಳಾರಿಗೆ ಅದು ಕೇಳಿಸುವಂತಿರಲಿಲ್ಲ. ಧಾರವಾಡ, ಬೆಂಗಳೂರು, ಹೈದರಾಬಾದ್ ಕೇಂದ್ರಗಳು ಮುಂದೆ 200 ಕಿಲೋವ್ಯಾಟಿಗೆ ಏರಿದವು. ಕಲಬುರಗಿಯದು 20. ಹತ್ತರಷ್ಟು ಶಕ್ತಿ ಅಂದರೆ ಹತ್ತರಷ್ಟು ಜೋರು ಅಂತ ಅಲ್ಲ. ಏರಿಯಲಿಗೆ ಸಿಗುವ ಸಂಕೇತ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಮೂರು ಪಟ್ಟಿಗಿಂತ ತುಸು ಮೇಲಷ್ಟೇ ಹೆಚ್ಚುತ್ತದೆ.

ಈ ಲೆಕ್ಕವನ್ನು ರಾಯಚೂರಿಗೆ ಹಚ್ಚಿ ನೋಡಿ. ಕಲಬುರಗಿ ಅಲ್ಲಿಗೆ ಸುಮಾರು 137 ಕಿಲೋಮೀಟರ್, ಹೈದರಾಬಾದ್ ಸುಮಾರು 177. ಕಲಬುರಗಿ ಹತ್ತಿರ, ಆದರೆ 20 ಕಿಲೋವ್ಯಾಟ್, ಅದೂ 1107ರಲ್ಲಿ. ಹೈದರಾಬಾದ್ ದೂರ, ಆದರೆ 200 ಕಿಲೋವ್ಯಾಟ್, 738ರಲ್ಲಿ. ಗೆಲ್ಲುವುದು ಹೈದರಾಬಾದೇ. ರಾಯಚೂರಿನ ಸೆಟ್ಟುಗಳಲ್ಲಿ ತೆಲುಗು ಅಷ್ಟು ಸಲೀಸಾಗಿ ತುಂಬಿಕೊಂಡದ್ದನ್ನು ಗಡಿಜಿಲ್ಲೆಯ ಗುಣ ಅಂತ ಎಷ್ಟೋ ಜನ ಹೇಳುತ್ತಾರೆ. ಗುಣವೂ ಇರಬಹುದು, ಕಿಲೋವ್ಯಾಟಂತೂ ಇತ್ತು.

ಮೂರು ಸರ್ಕಾರ, ಮೂರು ದಿಕ್ಕಿನ ಸ್ಟೇಷನ್ನು

1950ಕ್ಕೆ ಮುಂಚೆ ಈ ಸೀಮೆಯ ರೇಡಿಯೋ ಯಾವ ದಿಕ್ಕಿಗೆ ಕಿವಿಗೊಡುತ್ತಿತ್ತು ಅನ್ನುವುದನ್ನು ಆಳುವವರು ತೀರ್ಮಾನಿಸಿದ್ದರು. ರಾಯಚೂರು, ಕೊಪ್ಪಳ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಪಕ್ಕದ ಧಾರವಾಡ ಮುಂಬಯಿ ಪ್ರಾಂತದಲ್ಲಿ. ಮದ್ರಾಸಿನಲ್ಲಿ ಆಲ್ ಇಂಡಿಯಾ ರೇಡಿಯೋ ಕೇಂದ್ರ 1938ರಲ್ಲಿ ಬಂತು. ಹೈದರಾಬಾದಿನಲ್ಲಿ ಖಾಸಗಿಯಾಗಿ ಹುಟ್ಟಿದ ಸ್ಟೇಷನ್ನನ್ನು 1935ರಲ್ಲೇ ನಿಜಾಮ ಸರ್ಕಾರ ವಹಿಸಿಕೊಂಡಿತ್ತು, ಅದೇ ಡೆಕ್ಕನ್ ರೇಡಿಯೋ. ಉರ್ದು ಅದರ ಮುಖ್ಯ ಭಾಷೆ, ಉಳಿದ ಭಾಷೆಗಳಿಗೆ ಉಳಿದ ಹೊತ್ತು.

ಆ ಸ್ಟೇಷನ್ನಿನ ಒಂದು ಸಂಜೆ ನಮ್ಮ ಕ್ಯಾಲೆಂಡರಿನಲ್ಲೇ ಉಳಿದುಕೊಂಡಿದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ಸಂಸ್ಥಾನದೊಳಗೆ ನುಗ್ಗಿತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರೇಡಿಯೋದಲ್ಲಿ ಮಾತಾಡಿ ಯುದ್ಧ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಕಲ್ಯಾಣ ಕರ್ನಾಟಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುತ್ತೇವಲ್ಲ, ಆ ದಿನದ ಸುದ್ದಿ ಹೊರಟದ್ದು ಎಎಂ ತರಂಗದ ಮೇಲೆ. ರೇಡಿಯೋ ಇದ್ದ ಮನೆಗಳು ಆಗ ಬೆರಳೆಣಿಕೆಯವು. ಹಳ್ಳಿಯ ಮಟ್ಟಿಗೆ ಸುದ್ದಿ ನಡೆದದ್ದು ಕಾಲ ಮೇಲೆ, ಬಾಯಿಂದ ಬಾಯಿಗೆ. ಶಾಲೆಯ ಭಾಷಣಗಳಲ್ಲಿ ಈ ರೇಡಿಯೋ ಪಾತ್ರ ಬರುವುದೇ ಇಲ್ಲ, ನನಗೆ ಇದು ಸೋಜಿಗ.

1950ರ ಏಪ್ರಿಲ್ 1ಕ್ಕೆ ಡೆಕ್ಕನ್ ರೇಡಿಯೋ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಅದೇ ವರ್ಷದ ಆರಂಭದಲ್ಲಿ ಧಾರವಾಡ ಕೇಂದ್ರ ತೆರೆದಿತ್ತು. ಶುರುವಿನಲ್ಲಿ ಅದಕ್ಕೆ ಮುಂದಿನ ದಿನಗಳ ಶಕ್ತಿ ಇರಲಿಲ್ಲ. ಆದರೂ ಕನ್ನಡದಲ್ಲಿ ಮಾತಾಡುವ ಕೇಂದ್ರವೊಂದು ಈ ಮೂರೂ ಆಡಳಿತಗಳ ಗಡಿ ಸೇರುವ ಜಾಗಕ್ಕೆ ಹತ್ತಿರದಲ್ಲಿ ಬಂದಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ರಾಯಚೂರು ಮತ್ತು ಅದರೊಳಗಿದ್ದ ಕೊಪ್ಪಳ ಸೇರಿದ್ದು 1956ರ ನವೆಂಬರ್ 1ಕ್ಕೆ. ಏಕೀಕರಣದ ಕಥೆ ಹೇಳುವಾಗ ನಾವು ಸಭೆ, ಸತ್ಯಾಗ್ರಹ, ಆಯೋಗದ ವರದಿ ಅನ್ನುತ್ತೇವೆ. ತರಂಗಕ್ಕೆ ಚೆಕ್‌ಪೋಸ್ಟ್ ಇರುವುದಿಲ್ಲ ಅನ್ನುವುದನ್ನೂ ಆ ಪಟ್ಟಿಯ ಕೊನೆಗೆ ಸೇರಿಸಬಹುದು.

ಧಾರವಾಡ ಕೇಂದ್ರಕ್ಕೆ ಸಲಹೆಗಾರರಾಗಿ ದ.ರಾ. ಬೇಂದ್ರೆ ಇದ್ದರು, ಸಂಗೀತಕ್ಕೆ ಮಲ್ಲಿಕಾರ್ಜುನ ಮನ್ಸೂರರು ಇದ್ದರು. ಇಂಥವರ ಆಯ್ಕೆ ಹೊಲದ ಬದುವಿನ ಮೇಲಿನ ಸೆಟ್ಟಿಗೂ ತಲುಪುತ್ತಿತ್ತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಕಲಬುರಗಿ ಕೇಂದ್ರ 1966ರಲ್ಲಿ ಬಂತು, ಹೈದರಾಬಾದ್ ಕರ್ನಾಟಕಕ್ಕೆ ಸಿಕ್ಕ ಮೊದಲ ಸ್ಟೇಷನ್ ಅದು. ಅಲ್ಲಿಗೆ ಯೋಜನೆ ಹಾಕುವವರ ನಕ್ಷೆಯಲ್ಲಿ ನಮ್ಮ ಮೂರೂ ಊರುಗಳು ಒಂದಲ್ಲ ಒಂದು ಕೇಂದ್ರದ ವೃತ್ತದೊಳಗೆ ಬಿದ್ದವು. ಒಳಗೆ ಬಿದ್ದ ಊರಿಗೆ ಮತ್ತೊಂದು ಸ್ಟೇಷನ್ ಯಾಕೆ?

ಏರಿಯಲ್, ಲೈಸೆನ್ಸು, ಪಂಚಾಯ್ತಿ ಕಟ್ಟೆ

ವಾಲ್ವ್ ಸೆಟ್ಟಿನ ಕಾಲದಲ್ಲಿ ರೇಡಿಯೋ ಇದ್ದ ಮನೆ ದೂರದಿಂದಲೇ ಗೊತ್ತಾಗುತ್ತಿತ್ತು. ಮಣ್ಣಿನ ಮಾಳಿಗೆಯ ಮೇಲೆ ಎರಡು ಬಿದಿರು, ಅವುಗಳ ನಡುವೆ ತಾಮ್ರದ ಹೆಣೆದ ಪಟ್ಟಿ ಅಥವಾ ತಂತಿ, ಎರಡೂ ತುದಿಗೆ ಪಿಂಗಾಣಿ ಗುಂಡು. ಅಲ್ಲಿಂದ ಒಂದು ವೈರು ಕಿಟಕಿಯೊಳಗೆ ಇಳಿದು ಸೆಟ್ಟಿನ ಹಿಂಬದಿಗೆ ಸೇರಬೇಕು. ಇನ್ನೊಂದು ಅರ್ತ್ ವೈರು. ಅದನ್ನು ಬಚ್ಚಲ ನೀರು ಹೋಗುವ ಕಡೆ ನೆಲದಲ್ಲಿ ಹೂತಿಡುತ್ತಿದ್ದರು. ತೇವ ಆರಿದರೆ ಸ್ಟೇಷನ್ ಸೊರಗುತ್ತಿತ್ತು, ಅದಕ್ಕೇ ಜಾಗ ಬಚ್ಚಲ ಪಕ್ಕ. ಕರೆಂಟಿಲ್ಲದ ಊರುಗಳಲ್ಲಿ ಸೆಟ್ಟಿಗಿಂತ ಭಾರವಾದ ಡ್ರೈ ಬ್ಯಾಟರಿ ಬೇಕಿತ್ತು, ಅದು ಮುಗಿದರೆ ಪೇಟೆಗೆ ಹೋಗಿ ತರುವವರೆಗೆ ಮನೆ ಗಪ್‌ಚಿಪ್.

ಇದರ ಮೇಲೆ ಲೈಸೆನ್ಸು. ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಬೇಕಿತ್ತು. ಈ ಪದ್ಧತಿ ಹೋದದ್ದು 1980ರ ದಶಕದಲ್ಲಿ. ಹಳೇ ಟ್ರಂಕುಗಳಲ್ಲಿ ರೇಷನ್ ಕಾರ್ಡಿನ ಜೊತೆ ರೇಡಿಯೋ ಲೈಸೆನ್ಸಿನ ಪುಸ್ತಕ ಸಿಕ್ಕರೆ ಎಸೆಯಬೇಡಿ, ಊರಿನ ಕಥೆ ಬರೆಯುವವರಿಗೆ ಅದು ದಾಖಲೆ.

ಕೊಳ್ಳಲಾಗದವರಿಗೆ ಪಂಚಾಯ್ತಿ ರೇಡಿಯೋ. ಸೆಟ್ಟು ಒಳಗೆ ಬೀಗದಲ್ಲಿ, ಸ್ಪೀಕರ್ ಹೊರಗೆ ಕಟ್ಟೆಯ ಮೇಲೆ. 1956ರಲ್ಲಿ ಪುಣೆ ಸುತ್ತಿನ ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮೀಣ ವೇದಿಕೆ ಎಂಬ ಪ್ರಯೋಗ ನಡೆಯಿತು. ರೈತರು ಗುಂಪಾಗಿ ಕೂತು ಕಾರ್ಯಕ್ರಮ ಕೇಳುವುದು, ಚರ್ಚಿಸುವುದು, ಬಂದ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆಯುವುದು. 1959ರಿಂದ ಅದು ದೇಶದ ಉಳಿದ ಕಡೆಗೂ ಹಬ್ಬಿತು. ಅರವತ್ತರ ದಶಕದಲ್ಲಿ ತಮಿಳುನಾಡಿನ ತಂಜಾವೂರು ಕಡೆ ಎಡಿಟಿ-27 ಎಂಬ ಭತ್ತದ ತಳಿಗೆ ಜನ ‘ರೇಡಿಯೋ ಭತ್ತ’ ಎಂದೇ ಹೆಸರಿಟ್ಟಿದ್ದರು, ಅದರ ವಿಷಯ ಅವರಿಗೆ ಗೊತ್ತಾದದ್ದೇ ರೇಡಿಯೋದಿಂದ. ತುಂಗಭದ್ರಾ ಕಾಲುವೆ ನೀರು ಬಂದು ಜೋಳದ ಹೊಲಗಳು ಗದ್ದೆಯಾಗುತ್ತಿದ್ದ ಗಂಗಾವತಿ, ಸಿಂಧನೂರು ಕಡೆ ಕೃಷಿರಂಗಕ್ಕೆ ಕಿವಿ ಕೊಡುವವರಿಗೆ ಕಾರಣವಿತ್ತು. ನೀರು ಕಟ್ಟಿ ಬೆಳೆಯುವ ಬೇಸಾಯ ಅಲ್ಲಿನ ಎಷ್ಟೋ ಮನೆಗಳಿಗೆ ಹೊಸದು.

ಟ್ರಾನ್ಸಿಸ್ಟರ್ ಬಂದ ಮೇಲೆ ಮಾಳಿಗೆಯ ಬಿದಿರು ಇಳಿದವು. ಏರಿಯಲ್ ಸೆಟ್ಟಿನೊಳಗೇ ಬಂತು: ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ಸಣ್ಣ ತಾಮ್ರದ ತಂತಿಯ ಸುತ್ತು. ಮೇಲೆ ಎಳೆಯುವ ಸ್ಟೀಲ್ ಕಡ್ಡಿಗೂ ಮೀಡಿಯಂ ವೇವಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ, ಅದು ಶಾರ್ಟ್‌ವೇವ್ ಮತ್ತು ಎಫ್‌ಎಂಗೆ. ಎಷ್ಟೋ ಮಂದಿ ಧಾರವಾಡ ಹಿಡಿಯಲು ಅದನ್ನೇ ಎಳೆದು, ತಿರುಚಿ, ಮುರಿದರು. ಫೆರೈಟ್ ಕಡ್ಡಿಗೆ ದಿಕ್ಕಿನ ಚಾಳಿ ಇದೆ. ಕಡ್ಡಿಯ ಪಕ್ಕ ಸ್ಟೇಷನ್ನಿನ ಕಡೆಗಿದ್ದರೆ ಸಂಕೇತ ಚೆನ್ನಾಗಿ ಬರುತ್ತದೆ, ಕಡ್ಡಿಯ ತುದಿ ಆ ಕಡೆಗಾದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕೊಪ್ಪಳಕ್ಕೆ ಧಾರವಾಡ ನೇರ ಪಡುವಣದಲ್ಲಿದೆ. ಕಡ್ಡಿ ಸೆಟ್ಟಿನ ಉದ್ದಕ್ಕೆ ಮಲಗಿರುವುದರಿಂದ ಸೆಟ್ಟನ್ನು ತೆಂಕು-ಬಡಗಾಗಿ ಇಟ್ಟರೆ ಧ್ವನಿ ತುಂಬಿ ಬರುತ್ತದೆ. “ಏ ತಮ್ಮಾ, ಒಂದೀಟು ತಿರುಗ್ಸೋ, ಧಾರವಾಡ ಬರವಲ್ದು” ಅನ್ನುತ್ತಿದ್ದ ಅಜ್ಜನಿಗೆ ಕಾಂತಕ್ಷೇತ್ರದ ಪಾಠ ಯಾರೂ ಮಾಡಿರಲಿಲ್ಲ. ಗೂಡಿನಲ್ಲಿ ಸೆಟ್ಟು ಯಾವ ಕೋನದಲ್ಲಿ ಕೂರಬೇಕು ಎಂದು ಮಾತ್ರ ಅವನಿಗೆ ಗೊತ್ತಿತ್ತು.

ರಾತ್ರಿ ಯಾಕೆ ಕೆಡುತ್ತಿತ್ತು

ಇಲ್ಲೊಂದು ವಿಚಿತ್ರ. ರಾತ್ರಿಯಾದರೆ ರೇಡಿಯೋ ದೂರದ್ದನ್ನು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಳ್ಳಾರಿ ಕಡೆಯವರ ದೂರು ಬೇರೆ: ಹಗಲು ಸರಿಯಾಗಿದ್ದ ಧಾರವಾಡ ರಾತ್ರಿ ನಾಟಕದ ಹೊತ್ತಿಗೇ ಏರಿ ಇಳಿದು, ಒಮ್ಮೊಮ್ಮೆ ಮಾತೇ ಹರಿದುಹೋಗುತ್ತಿತ್ತು. ಎರಡೂ ನಿಜ, ಎರಡಕ್ಕೂ ಕಾರಣ ಆಕಾಶ.

ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದ ವಿದ್ಯುದಾವೇಶ ಪಡೆದ ಗಾಳಿಯ ಪದರವಿದೆ, ಹೆಸರು ಡಿ. ಹಗಲಿನಲ್ಲಿ ಮೇಲಕ್ಕೆ ಹೋದ ಮೀಡಿಯಂ ವೇವನ್ನು ಈ ಪದರ ನುಂಗಿಬಿಡುತ್ತದೆ, ನಮಗೆ ಸಿಗುವುದು ನೆಲ ಹಿಡಿದು ಬಂದದ್ದು ಮಾತ್ರ. ಹೊತ್ತು ಮುಳುಗಿದ ಮೇಲೆ ಡಿ ಪದರ ಕರಗುತ್ತದೆ. ಅದಕ್ಕೂ ಮೇಲೆ, ನೂರು ಕಿಲೋಮೀಟರ್ ದಾಟಿ ಇರುವ ಪದರಗಳು ರಾತ್ರಿಯೂ ಉಳಿಯುತ್ತವೆ. ತರಂಗ ಅಲ್ಲಿಗೆ ಹೋಗಿ ಬಡಿದು ಮರಳಿ ನೆಲಕ್ಕೆ ಬರುತ್ತದೆ, ನೂರಾರು ಕಿಲೋಮೀಟರ್ ಆಚೆ. ಹಗಲಿಡೀ ಸುಳಿವಿಲ್ಲದ ಚೆನ್ನೈ, ಮುಂಬೈ, ಸಮುದ್ರದಾಚೆಯ ಶ್ರೀಲಂಕಾ ರಾತ್ರಿ ಡಯಲಿನಲ್ಲಿ ಎದ್ದು ಕೂರುವುದು ಹೀಗೆ.

ಧಾರವಾಡದ ತರಂಗವೂ ರಾತ್ರಿ ಮೇಲೆ ಹೋಗಿ ಇಳಿಯುತ್ತದಲ್ಲ? ಬಳ್ಳಾರಿ ಇರುವ ದೂರದಲ್ಲಿ ನೆಲದ ತರಂಗ ಸಾಕಷ್ಟು ಸೊರಗಿರುತ್ತದೆ, ಆಕಾಶದಿಂದ ಇಳಿದದ್ದೂ ಹೆಚ್ಚುಕಡಿಮೆ ಅಷ್ಟೇ ಬಲದ್ದು. ಒಂದೇ ಹಾಡು ಎರಡು ದಾರಿಯಲ್ಲಿ ಬಂದು ಒಂದೇ ಏರಿಯಲಿನಲ್ಲಿ ಕೂಡುತ್ತದೆ. ಎರಡರ ಏರುಗಳು ಒಟ್ಟಿಗೆ ಬಂದರೆ ಧ್ವನಿ ಜೋರು. ಒಂದರ ಏರಿಗೆ ಇನ್ನೊಂದರ ಇಳಿವು ಸಿಕ್ಕರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಆಕಾಶದ ದಾರಿಯ ಉದ್ದ 196 ಮೀಟರ್, ಅಂದರೆ ಅರ್ಧ ತರಂಗದಷ್ಟು ಬದಲಾದರೆ ಸಾಕು, ಜೋರು ಹೋಗಿ ಮೌನವಾಗುತ್ತದೆ. ಮೇಲಿನ ಪದರ ರಾತ್ರಿಯಿಡೀ ಏರಿಳಿಯುತ್ತಲೇ ಇರುವುದರಿಂದ ಇದು ನಿಮಿಷ ನಿಮಿಷಕ್ಕೂ ನಡೆಯುತ್ತದೆ. ವಾಹಕ ಮಾತ್ರ ಸತ್ತು ಧ್ವನಿಯ ಭಾಗ ಉಳಿದ ಗಳಿಗೆಯಲ್ಲಿ ಮಾತು ಗೊರಗೊರ ಅನ್ನುತ್ತದೆ. ಸೆಟ್ಟು ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಹಗಲಿನಲ್ಲಿ ಚೆನ್ನಾಗಿಯೇ ಹಾಡುತ್ತಿತ್ತು. ಕೊಪ್ಪಳ ಇನ್ನೂ ಹತ್ತಿರವಿದ್ದುದರಿಂದ ಅಲ್ಲಿ ನೆಲದ ತರಂಗದ ಕೈ ಮೇಲು, ಈ ಕಾಟ ಅಷ್ಟಿಲ್ಲ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಕಾಟ ಸೇರುತ್ತದೆ. ಗುಡುಗಿನ ಸದ್ದು ಇಪ್ಪತ್ತು ಕಿಲೋಮೀಟರ್ ದಾಟುವುದು ಅಪರೂಪ, ಮಿಂಚಿನ ರೇಡಿಯೋ ಸದ್ದು ನೂರಾರು ಕಿಲೋಮೀಟರ್ ಬರುತ್ತದೆ. ಮೋಡ ಕಾಣುವ ಮೊದಲೇ ಕರಕರ ಶುರು. ಮಳೆ ಇಲ್ಲಿಗೆ ಬರುತ್ತದೋ ಇಲ್ಲವೋ ಹೇಳಲಾಗದು, ಎಲ್ಲೋ ಸಿಡಿಲು ಆಡುತ್ತಿದೆ ಅನ್ನುವುದಂತೂ ಖಾತ್ರಿ.

ಕೊನೆಗೂ ಬಂದದ್ದು ಎಫ್‌ಎಂ

ಒಂದು ಮೀಡಿಯಂ ವೇವ್ ಸ್ಟೇಷನ್ ಕಟ್ಟಲು ಏನೇನು ಬೇಕು ಎಂದು ಲೆಕ್ಕ ಹಾಕಿದರೆ ಸಣ್ಣ ಊರುಗಳಿಗೆ ಅದು ಯಾಕೆ ಬರಲಿಲ್ಲ ಎಂಬುದು ತಾನೇ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಗೋಪುರ ಏರಿಯಲನ್ನು ಹೊರುವ ಕಂಬವಲ್ಲ, ಗೋಪುರವೇ ಏರಿಯಲ್. ಬುಡದಲ್ಲಿ ಪಿಂಗಾಣಿಯ ಇನ್ಸುಲೇಟರ್ ಮೇಲೆ ನಿಂತಿರುತ್ತದೆ, ಚಾಲೂ ಇದ್ದಾಗ ಮುಟ್ಟಿದರೆ ಆಸ್ಪತ್ರೆ ಇಲ್ಲವೇ ಮಸಣ. ತರಂಗದ ಕಾಲು ಭಾಗ ಎತ್ತರ ಎಂದು ಹಿಡಿದರೂ 765ಕ್ಕೆ ಸುಮಾರು 98 ಮೀಟರ್. ಬುಡದ ಸುತ್ತ ನೆಲದಲ್ಲಿ ಅಷ್ಟೇ ಉದ್ದದ ತಾಮ್ರದ ತಂತಿಗಳನ್ನು ಎಲ್ಲ ದಿಕ್ಕಿಗೂ ಹೂಳಬೇಕು, ಪೂರ್ತಿ ಮಾಡಿದರೆ ನೂರಿಪ್ಪತ್ತರ ತನಕ. ಆ ವೃತ್ತ ಒಂದಕ್ಕೇ ಏಳೂವರೆ ಎಕರೆ ಹತ್ತಿರ ಜಾಗ. ಅದರ ಮೇಲೆ ಟ್ರಾನ್ಸ್‌ಮಿಟರ್ ಕಟ್ಟಡ, ಹೈಟೆನ್ಷನ್ ಲೈನು, ಜನರೇಟರ್, ಪಾಳಿಯಲ್ಲಿ ಇಂಜಿನಿಯರುಗಳು, ತಾಮ್ರ ಕದಿಯದಂತೆ ಕಾವಲು. ಪಕ್ಕದ ಕೇಂದ್ರದ ಧ್ವನಿ ಹೇಗೋ ತಲುಪುತ್ತಿರುವ ಊರಿಗೆ ಇಷ್ಟೆಲ್ಲ ಯಾರು ಕೊಡುತ್ತಾರೆ?

ಎಫ್‌ಎಂ ಏರಿಯಲ್ಲುಗಳು ಒಂದೂವರೆ ಮೀಟರ್ ಉದ್ದದ ಆಸುಪಾಸಿನವು, ಗೋಪುರದ ತುದಿಗೆ ಕಟ್ಟಿದರೆ ಮುಗಿಯಿತು. ಶಕ್ತಿಯೂ ಕೆಲವೇ ಕಿಲೋವ್ಯಾಟ್. 1990ರ ದಶಕದಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಹೊಸಪೇಟೆಗೆ, ರಾಯಚೂರಿಗೆ ಆಕಾಶವಾಣಿ ಬಂದದ್ದು ಈ ರೂಪದಲ್ಲಿ. ಹೊಸಪೇಟೆಯದು 100.5 ಮೆಗಾಹರ್ಟ್ಸ್. ದೂರ ಹೋಗದ ತರಂಗ ಊರಿಗೆ ಹತ್ತಿರವಾಯಿತು. ಇಲ್ಲಿಯದೇ ಮಾತಿನ ಧಾಟಿ, ಇಲ್ಲಿಯ ಬಯಲಾಟ, ಬುರ್ರಕಥೆ, ಇಲ್ಲಿಯ ಮಾರುಕಟ್ಟೆ ಧಾರಣೆ ಸ್ಟುಡಿಯೋದೊಳಗೆ ಬಂದವು. ಧಾರವಾಡದಲ್ಲಿ ಕೂತವರಿಗೆ ಹೂವಿನಹಡಗಲಿಗೂ ಮಾನ್ವಿಗೂ ಪ್ರತ್ಯೇಕ ಹೊತ್ತು ಕೊಡಲು ಆಗುತ್ತಿರಲಿಲ್ಲ. ಎಎಂ ಹೋಯಿತೆಂದು ಮರುಗುವವರು ಈ ಪಾಲನ್ನು ಮರೆಯುತ್ತಾರೆ, ನನಗೆ ಅದು ಅನ್ಯಾಯ ಅನಿಸುತ್ತದೆ.

ಹೋದದ್ದೂ ಇದೆ. ಮೊಬೈಲಿನಲ್ಲಿ ಎಫ್‌ಎಂ ಬಂತು, ಇಯರ್‌ಫೋನಿನ ವೈರೇ ಅದಕ್ಕೆ ಏರಿಯಲ್. ಮೀಡಿಯಂ ವೇವಿಗೆ ಬೇಕಾದ ಫೆರೈಟ್ ಕಡ್ಡಿಗೆ ತೆಳ್ಳಗಿನ ಫೋನಿನಲ್ಲಿ ಜಾಗವಿಲ್ಲ, ಜಾಗ ಕೊಟ್ಟರೂ ಫೋನಿನೊಳಗಿನ ಗದ್ದಲ ಕೇಳಗೊಡುವುದಿಲ್ಲ. ಮನೆಯೊಳಗೂ ಅದೇ ಪಾಡು: ಎಲ್‌ಇಡಿ ಬಲ್ಬು, ಚಾರ್ಜರ್, ಇನ್‌ವರ್ಟರ್ ಎಲ್ಲವೂ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ತುಂಡರಿಸಿ ಕೆಲಸ ಮಾಡುವ ಸಾಮಾನು, ಮೀಡಿಯಂ ವೇವ್ ಪಟ್ಟಿಯ ತುಂಬ ಅವುಗಳದೇ ಕಿರಿಕಿರಿ. ಆಕಾಶವಾಣಿ ತನ್ನ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳಿಗೆ ಡಿಆರ್‌ಎಂ ಎಂಬ ಡಿಜಿಟಲ್ ವಿಧಾನ ಅಳವಡಿಸಿದೆ, ಬೆಂಗಳೂರಿನದೂ ಅದರಲ್ಲಿ ಸೇರಿದೆ. ದೂರವೂ ಸಿಗುತ್ತದೆ, ಕರಕರವೂ ಇಲ್ಲ. ಕೆಲವು ಕಾರುಗಳಲ್ಲಿ ಅದನ್ನು ಹಿಡಿಯುವ ಸೆಟ್ಟು ಬರುತ್ತದೆ, ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಬೆಲೆಗೆ ಇನ್ನೂ ಇಳಿದಿಲ್ಲ. ಕುರಿ ಕಾಯುವವನ ಹೆಗಲಿಗೆ ಅದು ಬರುವ ದಿನ ದೂರವಿದೆ.

ಅಟ್ಟದಲ್ಲಿ ಹಳೇ ಟ್ರಾನ್ಸಿಸ್ಟರ್ ಇದ್ದರೆ ತೆಗೆದು ನೋಡಬಹುದು. ಮೊದಲು ಸೆಲ್ಲಿನ ಮನೆ ತೆರೆಯಿರಿ. ಹಳೆಯ ಸೆಲ್ಲು ಸೋರಿ ಸ್ಪ್ರಿಂಗು ಹಸಿರುಗಟ್ಟಿದ್ದರೆ ಉಪ್ಪುಕಾಗದದಿಂದ ಉಜ್ಜಿ. ಡಯಲ್ ದಾರ ಹರಿದಿದ್ದರೆ ಮುಳ್ಳು ಓಡುವುದಿಲ್ಲ, ಆದರೆ ಗ್ಯಾಂಗಿನ ಚಕ್ರವನ್ನು ಬೆರಳಿಂದಲೇ ತಿರುಗಿಸಿದರೂ ಸ್ಟೇಷನ್ ಸಿಗುತ್ತದೆ. ಸದ್ದು ಬರುತ್ತಿದೆ, ಸ್ಟೇಷನ್ ಮಾತ್ರ ಇಲ್ಲ ಅಂದರೆ ಫೆರೈಟ್ ಕಡ್ಡಿಯ ಕಾಯಿಲಿನಿಂದ ಬರುವ ಕೂದಲಿನಷ್ಟು ಸಣ್ಣ ತಂತಿ ಕಿತ್ತಿದೆಯೇ ನೋಡಿ, ಎಷ್ಟೋ ಸಲ ಅಲ್ಲೇ ಇರುತ್ತದೆ ತಕರಾರು. ಮನೆಯ ಲೈಟು, ಚಾರ್ಜರುಗಳಿಂದ ದೂರ, ಅಂಗಳಕ್ಕೋ ಹೊಲಕ್ಕೋ ಒಯ್ದು ಹಚ್ಚಿ. ಕೊಪ್ಪಳ, ಬಳ್ಳಾರಿ ಕಡೆಯವರು ಧಾರವಾಡ ಹುಡುಕುವುದಾದರೆ ಸೆಟ್ಟನ್ನು ತೆಂಕು-ಬಡಗಾಗಿ ಹಿಡಿಯಿರಿ, ಮುಂಜಾನೆ ಬಿಸಿಲು ಏರಿದ ಮೇಲೆ.